ಅಪ್ಪ ಅಮ್ಮನ ಜೊತೆ ಭೂತಾನ್: ಏಳು ರಾತ್ರಿಯಲ್ಲಿ ಬುಮ್ತಾಂಗ್ ಸೇರಿಸಬಹುದಾ?

ಕೇಳಿದವರು, ದಾವಣಗೆರೆಯಿಂದ

ದಸರಾ ರಜೆಗೆ ಭೂತಾನ್ ಅಂತ ಗಟ್ಟಿಯಾಗಿದೆ. ನಾವಿಬ್ಬರು, ಒಂಬತ್ತು ವರ್ಷದ ಮಗಳು, ಅಪ್ಪ (71), ಅಮ್ಮ (66). ಅಮ್ಮನಿಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು. ಬಾಗ್ಡೋಗ್ರಾವರೆಗೆ ವಿಮಾನ, ಅಲ್ಲಿಂದ ಜೈಗಾಂವ್, ಗಡಿ ದಾಟಿದ ಮೇಲೆ ಅವರದೇ ಗಾಡಿ, ಡ್ರೈವರ್, ಗೈಡ್. ಏಜೆನ್ಸಿಯವರು ಏಳು ರಾತ್ರಿಯಲ್ಲಿ ಥಿಂಫು, ಪುನಾಖಾ, ಫೋಬ್ಜಿಖಾ, ಬುಮ್ತಾಂಗ್, ಪಾರೋ ಎಲ್ಲ ಹಾಕಿ ಕೊಟ್ಟಿದ್ದಾರೆ. ಕಿಲೋಮೀಟರ್ ನೋಡಿದರೆ ಜಾಸ್ತಿ ಏನೂ ಇಲ್ಲ. ಹೋಗಿ ಬಂದವರು ಹೇಳಿ, ಇದು ಆಗುತ್ತಾ? ಊಟದ ಗತಿ ಏನು? ಪಾರೋದಲ್ಲಿ ಬಂಡೆಯ ಮೇಲಿರುವ ಮಠ, ಟೈಗರ್ಸ್ ನೆಸ್ಟ್, ಅದನ್ನು ಹತ್ತಲು ಅಮ್ಮನಿಗೆ ಆಗುತ್ತಾ?

ಸಾಗರದ ಕಡೆಯಿಂದ ಒಬ್ಬರು

ಬುಮ್ತಾಂಗ್ ಬಿಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ, ಆಮೇಲೆ ಯಾಕೆ ಅಂತ.

ನಾವೂ ಹೀಗೇ ಕಿಲೋಮೀಟರ್ ನೋಡಿ ಮೋಸ ಹೋದವರು. ಗಡಿ ದಾಟಿದ ಕೂಡಲೇ ಸಿಗುವ ಫುಂಟ್‌ಶೋಲಿಂಗ್‌ನಿಂದ ಥಿಂಫುಗೆ ಸುಮಾರು 150 ಕಿಲೋಮೀಟರ್. ನಮ್ಮ ಕಡೆ ಮೂರು ಗಂಟೆ ಅಂದುಕೊಳ್ಳುತ್ತೇವೆ, ಅಲ್ವಾ? ಅಲ್ಲಿ ಐದರಿಂದ ಆರು ಗಂಟೆ. ಸುಮಾರು 300 ಮೀಟರ್ ಎತ್ತರದಿಂದ ಶುರು ಮಾಡಿ 2,300 ಮೀಟರ್ ದಾಟುವ ರಸ್ತೆ ಅದು. ಆಗುಂಬೆ ಘಾಟಿಯನ್ನೇ ಇಡೀ ದಿನ ಹತ್ತಿದ ಹಾಗೆ. ಥಿಂಫುವಿನಿಂದ ಪುನಾಖಾ ಬರೀ 75 ಕಿಲೋಮೀಟರ್, ಅದಕ್ಕೂ ಮೂರು ಗಂಟೆ ಇಟ್ಟುಕೊಳ್ಳಿ. ಮಧ್ಯೆ 3,100 ಮೀಟರ್ ಎತ್ತರದ ದೋಚುಲಾ ಹತ್ತಿ ಮತ್ತೆ 1,200ಕ್ಕೆ ಇಳಿಯಬೇಕು. ದೋಚುಲಾದಲ್ಲಿ ಸ್ವೆಟರ್ ಮೇಲೆ ಜಾಕೆಟ್, ಮಧ್ಯಾಹ್ನ ಪುನಾಖಾದಲ್ಲಿ ಅಂಗಿಯೇ ಭಾರ.

ಬುಮ್ತಾಂಗ್ ಕಥೆ ಕೇಳಿ. ಫೋಬ್ಜಿಖಾದಿಂದ ಬೆಳಿಗ್ಗೆ ಹೊರಟೆವು. ಪೆಲೆ ಲಾ (ಲಾ ಅಂದರೆ ಅಲ್ಲಿ ಘಾಟಿ) ದಾಟಿ ಇಳಿದು ಒಂದು ತಿರುವಿಗೆ ಬಂದಾಗ ಎದುರು ಗುಡ್ಡದಲ್ಲಿ ಟ್ರಾಂಗ್ಸಾ ಜೋಂಗ್, ಅಂದರೆ ಕೋಟೆ, ಕಾಣಿಸಿತು. ಬಿಳಿ ಗೋಡೆ, ಹಳದಿ ಚಾವಣಿ, ಕೈ ಚಾಚಿದರೆ ಸಿಗುವ ಹಾಗೆ. ಅಪ್ಪ ಚಪ್ಪಲಿ ಹಾಕಿಕೊಂಡು, ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಇಳಿಯಲು ತಯಾರಾದರು. ಗೈಡ್ ಹಿಂದೆ ತಿರುಗಿ ನೋಡಿ ನಕ್ಕ. ನಡುವೆ ಕಣಿವೆ ಇದೆಯಲ್ಲ, ರಸ್ತೆ ಪೂರ್ತಿ ಒಳಗೆ ಹೋಗಿ ಸುತ್ತಿಕೊಂಡು ಬರಬೇಕು. ಅರ್ಧ ಗಂಟೆ ಆದಮೇಲೂ ಅಪ್ಪನ ಟೋಪಿ ಮಡಿಲಲ್ಲೇ ಇತ್ತು. ಅಲ್ಲಿಂದ ಯೊಟಾಂಗ್ ಲಾ ಹತ್ತಿ ಬುಮ್ತಾಂಗ್ ಸೇರುವಾಗ ಕತ್ತಲೆ. ಮಾರನೇ ದಿನ ಕುರ್ಜೆ, ಜಂಬೆ ಎರಡು ಲಾಖಾಂಗ್, ಅಂದರೆ ಗುಡಿ, ಓಡೋಡಿ ನೋಡಿದೆವು. ಅದರ ಮರುದಿನ ಬೆಳಿಗ್ಗೆ ಆರಕ್ಕೆ ಹೊರಟು ಪಾರೋ ತಲುಪಿದಾಗ ಸಂಜೆ ಆಗಿತ್ತು. ಅಮ್ಮ ದಾರಿಯಲ್ಲಿ ಎರಡು ಸಲ ವಾಂತಿ ಮಾಡಿಕೊಂಡರು. ಅದರ ಮರುದಿನವೇ ಟೈಗರ್ಸ್ ನೆಸ್ಟ್. ಯಾರ ಕಾಲಲ್ಲೂ ಶಕ್ತಿ ಇರಲಿಲ್ಲ. ನಿಮ್ಮ ಪ್ಲಾನ್‌ನಲ್ಲಿ ಆಗುವುದೂ ಇದೇ.

ಏಜೆನ್ಸಿಯವರಿಗೆ ಒಂದೇ ಕೆಲಸ ಹೇಳಿ: ಪ್ರತಿ ದಿನದ ಮುಂದೆ ಗಾಡಿಯಲ್ಲಿ ಎಷ್ಟು ಗಂಟೆ ಅಂತ ಬರೆದು ಕಳಿಸಿ. ಐದು ಗಂಟೆ ದಾಟಿದ ದಿನ ಒಂದಕ್ಕಿಂತ ಜಾಸ್ತಿ ಇದ್ದರೆ ಹಿರಿಯರ ಜೊತೆ ಬೇಡ.

ಇನ್ನು ಕಾಗದ ಪತ್ರ. ವೀಸಾ ಬೇಡ, ಪರ್ಮಿಟ್ ಬೇಕು. ಅದಕ್ಕೆ ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್, ಇಲ್ಲದಿದ್ದರೆ ವೋಟರ್ ಐಡಿ. ಆಧಾರ್ ನಡೆಯಲ್ಲ. ಮಗಳಿಗೆ ಪಾಸ್‌ಪೋರ್ಟ್ ಇಲ್ಲ ಅಂದರೆ ಜನನ ಪ್ರಮಾಣಪತ್ರ ತೆಗೆದಿಡಿ. ಭಾರತೀಯರಿಗೆ ಒಂದು ರಾತ್ರಿಗೆ ತಲಾ 1,200 ರೂಪಾಯಿ ಸರ್ಕಾರಿ ಶುಲ್ಕ, ಅಲ್ಲಿಯವರು ಎಸ್‌ಡಿಎಫ್ ಅನ್ನುತ್ತಾರೆ. ಆರರಿಂದ ಹನ್ನೆರಡು ವರ್ಷದವರಿಗೆ ಅರ್ಧ. ಅಂದರೆ ನಿಮ್ಮ ಐದು ಜನಕ್ಕೆ ಒಂದು ರಾತ್ರಿಗೆ 5,400. ನಮ್ಮ ಏಜೆನ್ಸಿ ಇದನ್ನು ಪ್ಯಾಕೇಜ್ ರೇಟಿನಲ್ಲಿ ಸೇರಿದೆ ಅಂತ ಬಾಯಲ್ಲಿ ಹೇಳಿ, ಗಡಿಯಲ್ಲಿ ಮತ್ತೆ ಕೇಳಿತು. ಹೆಸರು ಬೇಡ ಬಿಡಿ. ನೀವು ಮಾತ್ರ ಬರೆಸಿಕೊಳ್ಳಿ. ಮಠ, ಜೋಂಗ್‌ಗಳ ಟಿಕೆಟ್ ಕೂಡ ಬೇರೆ, ಅದು ಯಾರ ಖರ್ಚು ಅಂತಲೂ ಕೇಳಿ.

ದುಡ್ಡಿನ ಚಿಂತೆ ಬೇಡ. ಅವರ ಒಂದು ಙುಲ್ಟ್ರಮ್ ಅಂದರೆ ನಮ್ಮ ಒಂದು ರೂಪಾಯಿ, ನಮ್ಮ ನೋಟು ಅಂಗಡಿಯಲ್ಲಿ ನಡೆಯುತ್ತದೆ. ನೂರರ ನೋಟು ಜಾಸ್ತಿ ಇಟ್ಟುಕೊಳ್ಳಿ. ಗಡಿಯಾರ ಅರ್ಧ ಗಂಟೆ ಮುಂದೆ ಹಾಕಿಕೊಳ್ಳಿ, ಇಲ್ಲದಿದ್ದರೆ ನಮ್ಮ ಹಾಗೆ ಮೊದಲ ದಿನವೇ ಡ್ರೈವರ್‌ನನ್ನು ಕಾಯಿಸುತ್ತೀರಿ.

ಒಂದು ಮಾತು ಸುಮ್ನೆ, ನಮ್ಮ ಕಡೆಯವರಿಗಾಗಿ. ಅಲ್ಲಿ ಎಲ್ಲರೂ ಎಲೆಅಡಿಕೆ ಹಾಕುತ್ತಾರೆ, ಡೋಮಾ ಅಂತ ಹೆಸರು. ನಮ್ಮ ಡ್ರೈವರ್ ಒಂದು ಕಟ್ಟಿ ಕೊಟ್ಟ. ಅಪ್ಪ ಐವತ್ತು ವರ್ಷ ಅಡಿಕೆ ತೋಟ ಮಾಡಿದವರು, ನಗುತ್ತಾ ಬಾಯಿಗೆ ಹಾಕಿಕೊಂಡರು. ಬೇಯಿಸಿ ಒಣಗಿಸಿದ್ದಲ್ಲ, ಹಸಿ ಅಡಿಕೆ, ಅರ್ಧಕ್ಕೆ ಸೀಳಿದ್ದು, ಸುಣ್ಣ ಧಾರಾಳ. ಎರಡು ನಿಮಿಷಕ್ಕೆ ಕಿವಿ ಕೆಂಪಾಗಿ ಹಣೆಯಲ್ಲಿ ಬೆವರು ಒಡೆಯಿತು. ಗಾಡಿ ನಿಲ್ಲಿಸಿ ಉಗುಳಿದರು. ಉಗುಳಿ ಆದಮೇಲೆ ಡ್ರೈವರ್ ಜೊತೆ ಅಡಿಕೆ ರೇಟಿನ ಮಾತು ಶುರು. 2022ರಲ್ಲಿ ಭೂತಾನ್‌ನಿಂದ 17,000 ಟನ್ ಹಸಿ ಅಡಿಕೆ ತರಲು ಕೇಂದ್ರ ಒಪ್ಪಿತಲ್ಲ, ಆಗ ಮಲೆನಾಡಿನಲ್ಲಿ ಎಷ್ಟು ಗಲಾಟೆ ಆಗಿತ್ತು ಅಂತ ಅಪ್ಪ ಹಿಂದಿಯಲ್ಲಿ ವಿವರಿಸಿದ್ದೇ ವಿವರಿಸಿದ್ದು. ಡ್ರೈವರ್‌ನ ಮಾವನಿಗೆ ಸಾಮ್ಚಿಯಲ್ಲಿ ತೋಟವಂತೆ. ಇಬ್ಬರೂ ಬಿಟ್ಟುಕೊಡಲಿಲ್ಲ. ದೋಚುಲಾ ಬಂದದ್ದೇ ಗೊತ್ತಾಗಲಿಲ್ಲ.

ಮೈಸೂರಿನಿಂದ ಒಬ್ಬರು

ಊಟದ ಬಗ್ಗೆ ನಾನು ಹೇಳುತ್ತೇನೆ. ಸಸ್ಯಾಹಾರಕ್ಕೆ ತೊಂದರೆ ಇಲ್ಲ, ಆದರೆ ದಿನಾ ಅದೇ ಅದೇ. ಕೆಂಪು ಅಕ್ಕಿ ಅನ್ನ, ಬೇಳೆ, ಮತ್ತೆ ದತ್ಶಿ, ಅಂದರೆ ಚೀಸ್ ಸಾರು ಅಂದುಕೊಳ್ಳಿ. ಆಲೂಗಡ್ಡೆ ಹಾಕಿದರೆ ಕೇವಾ ದತ್ಶಿ, ಅಣಬೆ ಹಾಕಿದರೆ ಶಾಮು ದತ್ಶಿ. ಇವೆರಡನ್ನೂ ಮಗಳು ತಿಂದಾಳು. ಎಮಾ ದತ್ಶಿಯಲ್ಲಿ ಮೆಣಸಿನಕಾಯಿಯೇ ಪಲ್ಯ. ನಾವು ಖಾರ ತಿನ್ನುವವರು ಅನ್ನುವ ಜಂಬ ಅಲ್ಲಿ ನಡೆಯಲ್ಲ. ಸುಜಾ ಅಂದರೆ ಬೆಣ್ಣೆ, ಉಪ್ಪು ಹಾಕಿದ ಚಹಾ. ಚಹಾ ಅಂತ ಕುಡಿದರೆ ಸೇರಲ್ಲ, ಬಿಸಿ ಸಾರು ಅಂತ ಕುಡಿದರೆ ಸೇರುತ್ತದೆ. ನಮ್ಮತ್ತೆ ಹಾಗೇ ಕುಡಿದರು.

ಫುಂಟ್‌ಶೋಲಿಂಗ್ನಿಂದ ಥಿಂಫುಗೆ ಹೋಗುವ ದಾರಿಯಲ್ಲಿ ದಂತಕ್‌ನವರ ಕ್ಯಾಂಟೀನ್ ಇದೆ. ಅಲ್ಲಿ ರಸ್ತೆ ಕಟ್ಟಿದವರು ನಮ್ಮ ಗಡಿ ರಸ್ತೆ ಸಂಸ್ಥೆಯವರೇ, 1961ರಿಂದ ಅಲ್ಲಿದ್ದಾರೆ. ನಮಗೆ ಅಲ್ಲಿ ಮಸಾಲೆ ದೋಸೆ ಸಿಕ್ಕಿತು. ಮೈಸೂರಿನವಳಾಗಿ ಆ ದೋಸೆಗೆ ಮಾರ್ಕ್ಸ್ ಕೊಡಲಾರೆ, ಆದರೆ ಅತ್ತೆ ಮುಖ ಅರಳಿತು.

ಬಟ್ಟೆ ವಿಷಯ: ಜೋಂಗ್ ಒಳಗೆ ತುಂಬು ತೋಳು, ಪೂರ್ತಿ ಪ್ಯಾಂಟ್, ತಲೆಗೆ ಟೋಪಿ ಇರಬಾರದು. ಸೀರೆ, ಚೂಡಿದಾರ ಆರಾಮ. ದೇವರ ಕೋಣೆಯಲ್ಲಿ ಫೋಟೊ ಇಲ್ಲ. ಥಿಂಫುವಿನ ತಾಶಿಛೋ ಜೋಂಗ್‌ನಲ್ಲಿ ಸರ್ಕಾರಿ ಕಚೇರಿ ನಡೆಯುತ್ತದೆ, ಹಾಗಾಗಿ ವಾರದ ದಿನಗಳಲ್ಲಿ ಸಂಜೆ ಐದರ ಮೇಲೆಯೇ ನಮ್ಮನ್ನು ಬಿಡುವುದು. ಇದು ಗೊತ್ತಿಲ್ಲದೆ ಮಧ್ಯಾಹ್ನವೇ ಪುನಾಖಾಗೆ ಹೊರಟರೆ ಅದು ತಪ್ಪಿಹೋಗುತ್ತದೆ. ನಮಗೆ ತಪ್ಪಿಹೋಯಿತು.

ಗೈಡ್ ಬಗ್ಗೆ ಹೆದರಬೇಡಿ. ನಮ್ಮ ಹುಡುಗನಿಗೆ ಹಿಂದಿ ಚೆನ್ನಾಗಿ ಬರುತ್ತಿತ್ತು, ಟಿವಿ ನೋಡಿ ಕಲಿತದ್ದಂತೆ. ಮಾತು ಮಾತಿಗೂ ಕೊನೆಯಲ್ಲಿ 'ಲಾ' ಸೇರಿಸುತ್ತಿದ್ದ. ನಮ್ಮ 'ರೀ' ಇದ್ದ ಹಾಗೆ, ಮರ್ಯಾದೆಗೆ. ಮೈಸೂರು ಅಂದ ಕೂಡಲೇ "ಬೈಲುಕುಪ್ಪೆ ಲಾ?" ಅಂದ. ಅವನ ಚಿಕ್ಕಪ್ಪ ನಮ್ಡ್ರೋಲಿಂಗ್ ಮಠದಲ್ಲಿ ಓದಿದ ಲಾಮಾ. ನಾವು ಗೋಲ್ಡನ್ ಟೆಂಪಲ್ ಅಂತ ಭಾನುವಾರ ಐಸ್‌ಕ್ರೀಮ್ ತಿನ್ನಲು ಹೋಗುವ ಜಾಗ. ಸ್ವಲ್ಪ ನಾಚಿಕೆಯಾಯಿತು.

ಹುಬ್ಬಳ್ಳಿಯಿಂದ ಇನ್ನೊಬ್ಬರು

ಸಾಗರದವರ ಮಾತಿಗೆ ನನ್ನದು ಅರ್ಧ ಒಪ್ಪಿಗೆ. ಬುಮ್ತಾಂಗ್ ನೋಡಲೇಬೇಕಾದ ಜಾಗ. ಪಾರೋ, ಥಿಂಫುವಿನಲ್ಲಿ ಪ್ರವಾಸಿಗರದೇ ಗದ್ದಲ, ಅಲ್ಲಿ ಹಾಗಿಲ್ಲ. ಪಾರೋದಿಂದ ಬುಮ್ತಾಂಗ್‌ಗೆ ಸಣ್ಣ ವಿಮಾನ ಇದೆ, ಅರ್ಧ ಗಂಟೆಯ ಹಾರಾಟ. ಆದರೆ ಎಲ್ಲ ದಿನ ಇರಲ್ಲ, ಮೋಡ ಕವಿದರೆ ರದ್ದು. ಹತ್ತು ರಾತ್ರಿ ಇದ್ದು, ಒಂದು ಕಡೆ ವಿಮಾನ ಮಾಡಿದರೆ ಹೋಗಿ. ಏಳು ರಾತ್ರಿಗೆ ಬೇಡ, ಅದು ಖರೆ.

ಫೋಬ್ಜಿಖಾ ಬಗ್ಗೆಯೂ ಒಂದು ಮಾತು. ಟಿಬೆಟ್‌ನಿಂದ ಕಪ್ಪು ಕತ್ತಿನ ಕೊಕ್ಕರೆ ಬರುವ ಕಣಿವೆ ಅಂತ ಏಜೆನ್ಸಿಯವರು ಫೋಟೊ ಹಾಕಿರುತ್ತಾರೆ. ಅವು ಬರುವುದು ಅಕ್ಟೋಬರ್ ಕೊನೆಯ ನಂತರ. ಕೊಕ್ಕರೆ ಹಬ್ಬ ಮಾಡುವುದು ನವೆಂಬರ್ 11ಕ್ಕೆ. ದಸರಾಕ್ಕೆ ಹೋದರೆ ಕಣಿವೆ ಸಿಗುತ್ತದೆ, ಕೊಕ್ಕರೆ ಸಿಗಲ್ಲ. ಆದರೂ ಹೋಗಿ. ಕೊಕ್ಕರೆಗೆ ತಾಗಬಾರದು ಅಂತ ಕರೆಂಟ್ ತಂತಿಯನ್ನು ನೆಲದೊಳಗೆ ಹಾಕಿದ ಊರು ನೀವು ಇನ್ನೆಲ್ಲಿ ನೋಡುತ್ತೀರಿ? ರಾತ್ರಿ ಚಳಿ ಮಾತ್ರ ಸಿಕ್ಕಾಪಟ್ಟೆ. ರೂಮಿನಲ್ಲಿ ಬುಖಾರಿ, ಅಂದರೆ ಕಟ್ಟಿಗೆ ಒಲೆ, ಇದೆಯಾ ಅಂತ ಕೇಳಿ ಬುಕ್ ಮಾಡಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. ಬುಮ್ತಾಂಗ್ ತೆಗೆಸಿದೆ. ಅಮ್ಮನದೇ ಯೋಚನೆ. ಟೈಗರ್ಸ್ ನೆಸ್ಟ್ ನೋಡಲೇಬೇಕು ಅಂತ ಹಟ ಹಿಡಿದಿದ್ದಾರೆ. ಕುದುರೆ ಇದೆಯಂತಲ್ಲ?

ಸಾಗರದ ಕಡೆಯವರು

ಕುದುರೆ ಇದೆ, ಅರ್ಧ ದಾರಿಯ ಕೆಫೆಟೇರಿಯಾದ ಆಸುಪಾಸಿನವರೆಗೆ ಮಾತ್ರ. ಹತ್ತುವಾಗ ಮಾತ್ರ, ಇಳಿಯುವಾಗ ಕೂರಿಸಲ್ಲ. ಮಂಡಿನೋವಿಗೆ ಇಳಿಯುವುದೇ ಕಷ್ಟ ಅನ್ನುವುದು ನಿಮಗೆ ಗೊತ್ತಲ್ಲ. ಮಠ ಇರುವುದು 3,120 ಮೀಟರ್‌ನಲ್ಲಿ. ಎದುರಿನ ಬಂಡೆಯವರೆಗೆ ಹತ್ತಿದ ಮೇಲೆ ಮೆಟ್ಟಿಲು ಇಳಿದು, ಜಲಪಾತದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಈ ಮೆಟ್ಟಿಲೇ ಎಲ್ಲ ಸೇರಿ ಸುಮಾರು 700. ವಾಪಸ್ ಬರುವಾಗ ಅಷ್ಟೂ ಇನ್ನೊಂದು ಸಲ.

ನನ್ನ ಅಮ್ಮ ಕುದುರೆಯಲ್ಲಿ ಕೆಫೆಟೇರಿಯಾ ತಲುಪಿ ಅಲ್ಲೇ ಕೂತರು. ಬಂಡೆಗೆ ಅಂಟಿಕೊಂಡ ಮಠ ಅಲ್ಲಿಂದ ಎದುರಿಗೇ ಕಾಣುತ್ತದೆ. ನಾವು ಹತ್ತಿ ಬರುವ ಮೂರು ಗಂಟೆ ಚಹಾ ಕುಡಿಯುತ್ತಾ, ಹೋಗಿ ಬರುವವರನ್ನು ನೋಡುತ್ತಾ ಕೂತಿದ್ದರಂತೆ. ಇಳಿಯಲು ಗೈಡ್ ಕೈ ಹಿಡಿದ. ನಿಧಾನಕ್ಕೆ ಎರಡು ಗಂಟೆ ಆಯಿತು. ಎರಡು ಕೋಲು ಕೆಳಗೇ ಬಾಡಿಗೆಗೆ ತಗೊಳ್ಳಿ. ಬೆಳಿಗ್ಗೆ ಏಳೂವರೆಗೆಲ್ಲ ಹತ್ತಲು ಶುರು ಮಾಡಿ, ಮಧ್ಯಾಹ್ನ ಊಟದ ಹೊತ್ತಿಗೆ ಮಠ ಬಾಗಿಲು ಹಾಕುತ್ತದೆ. 1998ರಲ್ಲಿ ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಬಾಗಿಲಲ್ಲೇ ಬ್ಯಾಗ್, ಮೊಬೈಲ್ ಎಲ್ಲ ಇಟ್ಟು ಹೋಗಬೇಕು.

ಅಮ್ಮನಿಗೆ ಕುದುರೆಯೂ ಬೇಡ ಅನಿಸಿದರೆ ಪಾರೋದ ಕಿಚು ಲಾಖಾಂಗ್ ಇದೆ. ಸಮ ನೆಲ, ಏಳನೇ ಶತಮಾನದ್ದು ಅನ್ನುತ್ತಾರೆ. ಅಂಗಳದಲ್ಲಿ ಕಿತ್ತಳೆ ಗಿಡ. ನನ್ನ ಅಮ್ಮ ಇಡೀ ಪ್ರವಾಸದಲ್ಲಿ ಜಾಸ್ತಿ ಹೊತ್ತು ಕೂತದ್ದು ಅಲ್ಲೇ.

ಇನ್ನೊಂದು, ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಸಂಜೆ ಪಾರೋದ ಯಾವುದಾದರೂ ರೈತರ ಮನೆಯಲ್ಲಿ ಬಿಸಿ ಕಲ್ಲಿನ ಸ್ನಾನ ಮಾಡಿಸಿ. ಹೊಳೆಯ ಗುಂಡುಕಲ್ಲನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಮರದ ತೊಟ್ಟಿಯ ನೀರಿಗೆ ಬಿಡುತ್ತಾರೆ. ಚುಂಯ್ ಅಂತ ಸದ್ದು, ಆಮೇಲೆ ಸೊಪ್ಪಿನ ಘಾಟು. ನಮ್ಮ ಬಚ್ಚಲ ಹಂಡೆ ನೀರಿನ ಹಾಗೇ ಹೊಗೆ ವಾಸನೆ. ನೀರು ಆರಿತು ಅಂತ ಕೂಗಿದರೆ ಹೊರಗಿನಿಂದ ಇನ್ನೊಂದು ಕಲ್ಲು ಹಾಕುತ್ತಾರೆ. ಅಮ್ಮ ನಾಲ್ಕು ಕಲ್ಲು ಹಾಕಿಸಿಕೊಂಡರು. ಬಿಪಿ, ಹೃದಯದ ಮಾತ್ರೆ ತಗೊಳ್ಳುವವರಾದರೆ ಡಾಕ್ಟರನ್ನು ಕೇಳಿಕೊಂಡು ಹೋಗಿ.

ಕೇಳಿದವರು

ಹೊಸ ಪ್ಲಾನ್ ಬಂತು. ಫುಂಟ್‌ಶೋಲಿಂಗ್ 1, ಥಿಂಫು 2, ಪುನಾಖಾ 1, ಫೋಬ್ಜಿಖಾ 1, ಪಾರೋ 2. ಈ ಸಲ ಗಂಟೆ ಬರೆಸಿದ್ದೇನೆ. ಫೋಬ್ಜಿಖಾದಿಂದ ಪಾರೋ ಆರು ಗಂಟೆ, ಗಡಿಯಿಂದ ಹೋಗಿ ಬರುವ ದಿನ ಬಿಟ್ಟರೆ ಅದೊಂದೇ ದೊಡ್ಡ ದಿನ. ನಡುವೆ ಊಟಕ್ಕೆ ಒಂದೂವರೆ ಗಂಟೆ ನಿಲ್ಲಿಸುತ್ತಾರಂತೆ. ಇನ್ನು ಅಮ್ಮ ಡಬ್ಬಿ ತುಂಬಿಸುವುದಕ್ಕೆ ಶುರು ಮಾಡಿದ್ದಾರೆ. ಏನು ತಗೊಂಡು ಹೋಗುವುದು?

ಮೈಸೂರಿನವರು

ವಾಂತಿ ಮಾತ್ರೆ, ಒಣ ಶುಂಠಿ, ಹಿಂಡಿದ ನಿಂಬೆಹಣ್ಣಿನ ಸಿಪ್ಪೆ ಮೂಸಲಿಕ್ಕೆ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಕೂರಿಸಬೇಡಿ. ಚಟ್ನಿಪುಡಿ ಎರಡು ಡಬ್ಬಿ ತಗೊಳ್ಳಿ. ಒಂದನ್ನು ಗೈಡ್ ಖಾಲಿ ಮಾಡುತ್ತಾನೆ.