ಅಪ್‌ಡೇಟ್: ಕೊನೆಗೆ ಬೆಕ್ವೇ ದ್ವೀಪಕ್ಕೇ ಹೋಗಿಬಂದೆವು

ಈಜು ಅಷ್ಟಾಗಿ ಬಾರದ ನಮ್ಮಿಬ್ಬರಿಗೆ ಸ್ನಾರ್ಕೆಲಿಂಗ್ (ಉಸಿರುನಳಿಕೆ ಹಿಡಿದು ನೀರಿನ ಮೇಲ್ಮೈಯಲ್ಲಿ ಈಜುತ್ತ ಕಡಲೊಳಗನ್ನು ನೋಡುವುದು), ವಿಶ್ರಾಂತಿ, ಊರಿನವರ ಬದುಕು ಮೂರೂ ಸಿಗುವ ಚಿಕ್ಕ ಕೆರಿಬಿಯನ್ ದ್ವೀಪ ಯಾವುದೆಂದು ಈ ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ, ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶದ ಬೆಕ್ವೇ ದ್ವೀಪಕ್ಕೆ ಅಲ್ಲಿನ ರಾಜಧಾನಿ ಕಿಂಗ್ಸ್‌ಟೌನ್‌ನಿಂದ ಸುಮಾರು ಒಂದು ಗಂಟೆಯ ಫೆರಿ ಪ್ರಯಾಣದಲ್ಲಿ ತಲುಪಿದೆವು.

ಪ್ರಿನ್ಸೆಸ್ ಮಾರ್ಗರೆಟ್ ಕಡಲತೀರದ ನೀರು ಶಾಂತವಾಗಿದ್ದುದರಿಂದ, ಮೊದಲ ಎರಡು ದಿನ ಅಲ್ಲಿನ ಬಂಡೆಗಳ ಅಂಚಿನಲ್ಲೇ ಮಾಸ್ಕ್ ಮತ್ತು ಉಸಿರುನಳಿಕೆಯ ಅಭ್ಯಾಸ ಮಾಡಿದೆವು. ಆ ಬಳಿಕವೇ ದೋಣಿಯಲ್ಲಿ ದಕ್ಷಿಣದ ಟೊಬೇಗೊ ಕೇಸ್‌ಗೆ ಹೊರಟೆವು. ಅಲ್ಲಿನ ಐದು ನಿರ್ಜನ ನಡುಗಡ್ಡೆಗಳಲ್ಲಿ ನಾಲ್ಕಕ್ಕೆ ಹಾರ್ಸ್‌ಶೂ ಹವಳದಿಬ್ಬವು ಅಟ್ಲಾಂಟಿಕ್‌ನ ಅಲೆಗಳನ್ನು ತಡೆಯುವ ಗೋಡೆಯಂತಿದೆ. ಅದರ ಒಳಗೆ, ಬರಾಡಾಲ್ ನಡುಗಡ್ಡೆಯ ಬಳಿ, ಹಸಿರು ಆಮೆಗಳು ಕಡಲಹುಲ್ಲನ್ನು ಮೇಯುತ್ತ, ನಮ್ಮನ್ನು ಲೆಕ್ಕಿಸದೆ, ಆಗಾಗ ಉಸಿರಿಗಾಗಿ ಮೇಲೆ ಬರುತ್ತಿದ್ದವು. ಲೈಫ್ ಜಾಕೆಟ್ ತೊಟ್ಟೇ ಇಳಿದೆವೆಂದು ಹೇಳಲು ನನಗೆ ಸಂಕೋಚವಿಲ್ಲ.

ಬೆಕ್ವೇಯ ಮುಖ್ಯ ಊರಾದ ಪೋರ್ಟ್ ಎಲಿಜಬೆತ್‌ನಲ್ಲಿ ಮರದ ಮಾದರಿ ದೋಣಿಗಳನ್ನು ಕೆತ್ತುವವರ ಕಾರ್ಯಾಗಾರದಲ್ಲಿ ಒಂದು ಮಧ್ಯಾಹ್ನವೇ ಕಳೆಯಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗದ ಅನುಮತಿಯಂತೆ ಈ ದ್ವೀಪದಲ್ಲಿ ಇಂದಿಗೂ ಸೀಮಿತ ತಿಮಿಂಗಿಲ ಬೇಟೆ ನಡೆಯುತ್ತದೆಂದು ತಿಳಿದು ಮನಸ್ಸು ಕಸಿವಿಸಿಗೊಂಡಿತಾದರೂ, ಅದರ ಬಗ್ಗೆ ಅವರೊಡನೆ ವಾದಕ್ಕಿಳಿಯಲಿಲ್ಲ.

ಹೋಗುವವರು ಪೂರ್ವ ಕೆರಿಬಿಯನ್ ಡಾಲರ್ ನಗದನ್ನು ಇಟ್ಟುಕೊಳ್ಳಿ. ಸಣ್ಣ ಅಂಗಡಿಗಳಲ್ಲಿ ನಮ್ಮ ಕಾರ್ಡ್ ನಡೆಯಲಿಲ್ಲ.