‘ಸ್ತ್ರದಾ’ ಎಂಬ ಪದಕ್ಕೆ ‘ಸುಗ್ಗಿ’ ಸರಿಹೊಂದುತ್ತದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ರಷ್ಯಾದ ರೈತಚಿತ್ರಗಳ ಸಣ್ಣ ಪುಸ್ತಿಕೆಯೊಂದಕ್ಕೆ ಕನ್ನಡದಲ್ಲಿ ಅಡಿಬರಹ ಬರೆಯುತ್ತಿದ್ದೇನೆ. ಉಳಿದ ಚಿತ್ರಗಳಿಗೆ ಹೆಸರು ಹೊಂದಿಕೊಂಡಿತು. ಒಂದರ ಮುಂದೆ ಮಾತ್ರ ಹದಿನೈದು ದಿನಗಳಿಂದ ನಿಂತುಬಿಟ್ಟಿದ್ದೇನೆ.

ಅದು ಗ್ರಿಗೋರಿ ಮ್ಯಾಸೊಯೆದೊವ್ 1887ರಲ್ಲಿ ಬರೆದ ಚಿತ್ರ. ಈಗ ಸೇಂಟ್ ಪೀಟರ್ಸ್‌ಬರ್ಗ್‌ನ ರಷ್ಯನ್ ಮ್ಯೂಸಿಯಂನಲ್ಲಿದೆ. ಆಳೆತ್ತರಕ್ಕೆ ಬೆಳೆದು ಮಾಗಿದ, ಗೋಧಿಯಂಥ ರೈ ಎಂಬ ಧಾನ್ಯದ ಪೈರು. ಉದ್ದ ಹಿಡಿಯ ಕತ್ತಿ ಬೀಸಿ ಅದನ್ನು ಕೊಯ್ಯುತ್ತ ಸಾಲಾಗಿ ನಮ್ಮತ್ತಲೇ ಬರುತ್ತಿರುವ ಗಂಡಸರು, ಅವರ ಮುಂದೆ ಗಡ್ಡದ ಮುದುಕ. ಚಿತ್ರದ ರಷ್ಯನ್ ಹೆಸರು ‘ಸ್ತ್ರಾದ್ನಯಾ ಪೊರಾ’. ‘ಪೊರಾ’ ಎಂದರೆ ಕಾಲ, ಹೊತ್ತು. ತೊಡಕಿರುವುದು ಮೊದಲ ಪದದಲ್ಲಿ. ಅದು ‘ಸ್ತ್ರದಾ’ದಿಂದ ಬಂದದ್ದು, ಕೊಯ್ಲಿನ ದಿನಗಳಿಗೆ ರಷ್ಯಾದ ಹಳ್ಳಿಗರು ಇಟ್ಟ ಹೆಸರು. ಇಂಗ್ಲಿಷಿನವರು ಇದನ್ನು ‘ಬಿಡುವಿಲ್ಲದ ಸಮಯ’ ಎಂಬರ್ಥದ ಮಾತಿನಲ್ಲಿ ಮುಗಿಸಿದ್ದಾರೆ. ನನಗೆ ಅಷ್ಟರಿಂದ ಸಮಾಧಾನವಾಗಲಿಲ್ಲ.

ಮೊದಲು ‘ಸುಗ್ಗಿ ಕಾಲ’ ಎಂದು ಬರೆದೆ. ಓದಲು ಹಿತವಾಗಿತ್ತು. ಆಮೇಲೆ ಪದದ ಬೇರು ನೋಡಿದೆ. ನರಳುವುದು, ನೋವು ತಿನ್ನುವುದು ಎಂಬರ್ಥದ ‘ಸ್ತ್ರದಾತ್’ ಎಂಬ ಕ್ರಿಯಾಪದ ಇದರ ಒಡಹುಟ್ಟು. ಬೆಳೆ ಕೈಗೆ ಬರುವ ದಿನಗಳಿಗೆ ಒಂದು ಭಾಷೆ ನೋವಿನ ಬೇರಿನಿಂದ ಹೆಸರು ತೆಗೆದಿದೆ ಎಂದಮೇಲೆ ‘ಸುಗ್ಗಿ’ಯನ್ನು ಅಲ್ಲಿಡಲು ಕೈ ಬರಲಿಲ್ಲ.

ಕಾರಣವೂ ಇದೆ. ಆ ನೆಲದಲ್ಲಿ ಬೇಸಿಗೆ ತೀರ ಚಿಕ್ಕದು. ಹುಲ್ಲು ಕೊಯ್ದು ಒಣಗಿಸಿ ಮುಗಿಸುವಷ್ಟರಲ್ಲಿ ರೈ ಮಾಗುತ್ತದೆ. ಅದರ ಕೊಯ್ಲು ಮುಗಿಯುವ ಮೊದಲೇ ಮುಂದಿನ ವರ್ಷದ ರೈ ಬಿತ್ತಬೇಕು. ತಡವಾದರೆ ಕಾಳು ಉದುರುತ್ತದೆ, ಮಳೆ ಹಿಡಿದರೆ ತೆನೆ ಹೊಲದಲ್ಲೇ ಮೊಳೆಯುತ್ತದೆ. ಒಂದು ದಿನ ಇಡೀ ವರ್ಷವನ್ನು ಸಾಕುತ್ತದೆ ಎಂಬ ಗಾದೆ ಅವರಲ್ಲಿದೆ. ಜೀತ ರದ್ದಾದದ್ದು 1861ರಲ್ಲಿ. ಅದಕ್ಕೆ ಮೊದಲು ಈ ದಿನಗಳಲ್ಲೇ ಒಡೆಯನ ಹೊಲಕ್ಕೂ ಹೋಗಬೇಕಿತ್ತು. ವಾರಕ್ಕೆ ಮೂರು ದಿನ ಸಾಕು ಎಂದು 1797ರಲ್ಲೇ ದೊರೆಯ ಆಜ್ಞೆ ಹೊರಟಿದ್ದರೂ ಅದನ್ನು ಮೀರಿ ದುಡಿಸುವುದು ನಿಂತಿರಲಿಲ್ಲ. ತನ್ನ ಪೈರು ಮಾಗಿ ನಿಂತಿರುವಾಗ ಇನ್ನೊಬ್ಬನ ಪೈರು ಕೊಯ್ಯುವ ಸಂಕಟ ಆ ಪದದೊಳಗೆ ಇದ್ದಿರಲೇಬೇಕು ಎನ್ನಿಸುತ್ತದೆ.

ಇದೇ ಪುಸ್ತಿಕೆಯಲ್ಲಿ ಅಲೆಕ್ಸೇಯ್ ವೆನೆತ್ಸಿಯಾನೊವ್ 1820ರ ದಶಕದಲ್ಲಿ ಬರೆದ ಚಿತ್ರವೂ ಇದೆ. ಮರದ ಜಗಲಿಯ ಮೇಲೆ ಹೆಂಗಸೊಬ್ಬಳು ಕುಳಿತು ಕೂಸಿಗೆ ಹಾಲೂಡುತ್ತಿದ್ದಾಳೆ. ಕುಡುಗೋಲು ಪಕ್ಕದಲ್ಲೇ ಇದೆ. ದೂರದ ಹೊಲದಲ್ಲಿ ಕೆಲಸ ನಡೆದೇ ಇದೆ. ಅದರ ಹೆಸರಿನಲ್ಲಿರುವುದು ‘ಜಾತ್ವಾ’, ಎಂದರೆ ಪೈರು ಕೊಯ್ಯುವುದು; ಅಲ್ಲಿಗೆ ‘ಕೊಯ್ಲು’ ಸಲೀಸಾಗಿ ಕುಳಿತಿತು. ಕಟ್ಟಿಟ್ಟ ತೆನೆಗೆ ‘ಸಿವುಡು’ ಎಂಬ ನಮ್ಮ ಪದ ಅಲ್ಲಿಯದೇ ಎನ್ನುವಷ್ಟು ಒಪ್ಪಿತು. ಆದರೆ ‘ಕೊಯ್ಲು’ ಕೆಲಸದ ಹೆಸರು, ‘ಸ್ತ್ರದಾ’ ಆ ದಿನಗಳ ಹೆಸರು.

‘ಸುಗ್ಗಿ’ ಎಂದಾಗ ನಮಗೆ ನೆನಪಾಗುವುದು ಕಣದ ಪೂಜೆ, ರಾಶಿಯ ಮೇಲಿನ ಸಗಣಿಯ ಬೆನವ, ಸುಗ್ಗಿ ಕುಣಿತ. ದುಡಿತ ದಡ ಮುಟ್ಟಿದ ಮೇಲಿನ ಪದ ಅದು. ಕರಾವಳಿಯಲ್ಲಂತೂ ಏಣಿಲು, ಸುಗ್ಗಿ, ಕೊಳಕೆ ಎಂಬ ಮೂರು ಬೆಳೆಗಳಲ್ಲಿ ಎರಡನೆಯದರ ಹೆಸರೇ ಸುಗ್ಗಿ. ನನ್ನಜ್ಜಿ ರಾಗಿ ಹೊಲಕ್ಕೆ ಹೊರಡುವಾಗ ಸುಗ್ಗಿ ಎಂದದ್ದನ್ನು ನಾನು ಕೇಳಿಲ್ಲ. ‘ಗೇಮೆ ಇದೆ’, ಎಂದರೆ ಹೊಲದ ದುಡಿತ ಇದೆ, ಎನ್ನುತ್ತಿದ್ದಳು. ಸಂಜೆ ಎಡಗೈ ಕಿರುಬೆರಳಿಗೆ ಸುತ್ತಿದ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಬಿಚ್ಚಿ, ಕುಡುಗೋಲು ತಾಗಿದ ಗಾಯಕ್ಕೆ ಅರಿಸಿನ ಒತ್ತುತ್ತಿದ್ದಳು. ಮಾರನೆಯ ದಿನ ಅದೇ ಬೆರಳಿಗೆ ಹೊಸ ಬಟ್ಟೆ.

ಹೀಗಾಗಿ ನನ್ನ ಒಲವು ‘ಗೇಮೆಯ ದಿನಗಳು’ ಎಂಬುದರ ಕಡೆಗಿದೆ. ಹಳಗನ್ನಡದ ‘ಗೆಯ್’ ಇದರಲ್ಲಿ ಇನ್ನೂ ಉಸಿರಾಡುತ್ತಿದೆ, ‘ಮೈಮುರಿದು ಗೇಯುವುದು’ ಎಂಬಲ್ಲಿ ನೋವಿನ ಎಳೆಯೂ ಸಿಗುತ್ತದೆ. ‘ಬವಣೆ’ಯಲ್ಲಿ ನೋವಿದೆ, ಹೊಲವಿಲ್ಲ. ‘ದಂದುಗ’ ಆಸೆ ಹುಟ್ಟಿಸಿತ್ತು. ಆದರೆ ಅದು ಸಂಸಾರದ ತೊಡಕಿಗೆ ಅಂಟಿಕೊಂಡುಬಿಟ್ಟಿದೆ.

ಗೆಳೆಯರೊಬ್ಬರು ಇದನ್ನು ಒಪ್ಪಲಿಲ್ಲ. ಚಿತ್ರ ಪೂರ್ತಿ ಹೊನ್ನಿನ ಬಣ್ಣ, ಪೈರಿನ ನಡುವೆ ಕಾಡುಹೂವು, ಇದರಲ್ಲಿ ನೋವೆಲ್ಲಿದೆ ಎಂದರು. ಅವರ ಮಾತನ್ನು ತಳ್ಳಿಹಾಕಲಾರೆ. ಇಂದಿನ ರಷ್ಯನ್ ಮಾತಿನಲ್ಲೂ ‘ಸ್ತ್ರದಾ’ ಎಂದಾಗ ಮೊದಲು ಹೊಳೆಯುವುದು ಎಡೆಬಿಡದ ಕೆಲಸವೇ. ಆದ್ದರಿಂದ ‘ನೋವಿನ ಕಾಲ’ ಎಂದು ಬರೆದರೆ ಅದೂ ತಪ್ಪಾಗುತ್ತದೆ. ಆದರೆ ಮ್ಯಾಸೊಯೆದೊವ್ ಪೈರಿನ ಚೆಲುವನ್ನಷ್ಟೇ ಕಂಡವರಲ್ಲ. 1872ರ ಚಿತ್ರದಲ್ಲಿ, ಜಿಲ್ಲಾ ಸಭೆಗೆ ಬಂದ ರೈತ ಪ್ರತಿನಿಧಿಗಳನ್ನು ಬೀದಿಯಲ್ಲೇ ಕೂರಿಸಿ ರೊಟ್ಟಿ, ಈರುಳ್ಳಿ ತಿನ್ನಿಸಿ, ಒಳಗಿನ ದೊಡ್ಡವರ ಊಟದ ತಟ್ಟೆಗಳನ್ನು ಸೇವಕ ಒರೆಸುವುದನ್ನು ಕಿಟಕಿಯಲ್ಲಿ ತೋರಿಸಿದ್ದಾರೆ. ಅಂಥವರು ಇಷ್ಟು ಬೆಳಕಿನ ಚಿತ್ರಕ್ಕೆ ಈ ಹೆಸರಿಟ್ಟಾಗ, ಬಣ್ಣ ಹೇಳದ್ದನ್ನು ಹೆಸರು ಹೇಳುತ್ತದೆ. ‘ಸುಗ್ಗಿ’ ಎಂದರೆ ಎರಡೂ ಒಂದೇ ಮಾತು ಹೇಳಿದಂತಾಗುತ್ತದೆ.

ಇನ್ನೊಂದು ಸಣ್ಣ ಸಂದೇಹ. ರಷ್ಯನ್‌ನಲ್ಲಿ ‘ಸೆರ್ಪ್’ ಎಂದರೆ ನಮ್ಮ ಕುಡುಗೋಲು. ಬಗ್ಗಿ ಹಿಡಿಹಿಡಿಯಾಗಿ ಕೊಯ್ಯುವುದು, ಹೆಚ್ಚಾಗಿ ಹೆಂಗಸರ ಕೈಯದು. ‘ಕೊಸಾ’ ಆಳುದ್ದದ ಹಿಡಿಯದು. ನಿಂತು ಎರಡೂ ಕೈಗಳಿಂದ ಬೀಸುವುದು, ಹೆಚ್ಚಾಗಿ ಗಂಡಸರದು. ಎರಡಕ್ಕೂ ‘ಕುಡುಗೋಲು’ ಎಂದರೆ ಚಿತ್ರ ನೋಡುವವರಿಗೆ ಗೊಂದಲ. ಸದ್ಯಕ್ಕೆ ‘ಬೀಸುಗತ್ತಿ’ ಎಂದು ಬರೆದಿದ್ದೇನೆ. ಇದು ಕೃತಕವಾಗಿ ಕೇಳಿಸುತ್ತದೆಯೇ?

‘ಗೇಮೆ’ ಹಳೆ ಮೈಸೂರಿನ ಹೊರಗೆ ಎಷ್ಟು ಬಳಕೆಯಲ್ಲಿದೆ ಎಂಬುದನ್ನು ಧಾರವಾಡ, ಕಲಬುರಗಿ, ಕರಾವಳಿಯವರು ತಿಳಿಸಬೇಕು. ಕಣಕ್ಕೆ ಬೆಳೆ ಬರುವ ಮುಂಚಿನ ಆ ಮೂರು ನಾಲ್ಕು ವಾರಗಳಿಗೆ ನಿಮ್ಮ ಮನೆಯ ಹಿರಿಯರು ಬೇರೆ ಹೆಸರು ಹೇಳುತ್ತಿದ್ದರೆ, ಅವರು ಆಡಿದ ವಾಕ್ಯದ ಸಮೇತ ಬರೆಯಿರಿ. ನಿಘಂಟಿನ ಅರ್ಥಕ್ಕಿಂತ ಆ ವಾಕ್ಯವೇ ನನಗೆ ಹೆಚ್ಚು ಬೇಕಾಗಿದೆ.