ಕನ್ಸೋಲ್‌ಗೆ ಹೋಗಿ ಬಂದರೆ ಗಡಿಯಾರ ಅರ್ಧ ಮಾಯ! ಬಿಡಿಸಿದ್ದೆಲ್ಲ ಎಲ್ಲಿ ಹೋಯ್ತು?

ಪ್ರಶ್ನೆ (ಬಿಳಿಕಿಟಕಿ):
ಎಕ್ಸ್‌ಲಿಬ್ (ಲಿನಕ್ಸ್‌ನಲ್ಲಿ ವಿಂಡೋ ತೆರೆದು ಚಿತ್ರ ಬಿಡಿಸೋ ಲೈಬ್ರರಿ) ಕಲಿಯೋಣ ಅಂತ ಸುಮ್ನೆ ಒಂದು ಗಡಿಯಾರ ಬರೆದೆ. ಸೆಕೆಂಡಿಗೊಮ್ಮೆ, ಬದಲಾದ ಅಂಕಿಯನ್ನಷ್ಟೇ ಮತ್ತೆ ಬಿಡಿಸುತ್ತದೆ. ಕಂಟ್ರೋಲ್-ಆಲ್ಟ್-ಎಫ್3 ಒತ್ತಿ ಬರೀ ಅಕ್ಷರಗಳ ಕಪ್ಪು ಕನ್ಸೋಲ್‌ಗೆ ಹೋಗಿ ಎರಡು ನಿಮಿಷ ಬಿಟ್ಟು ವಾಪಸ್ ಬಂದರೆ, ಬಿಳಿ ವಿಂಡೋದಲ್ಲಿ ಸೆಕೆಂಡಿನ ಕೊನೆಯ ಅಂಕಿ ಒಂದೇ ಕುಣಿಯುತ್ತಿರುತ್ತದೆ! ಆಮೇಲೆ ಹತ್ತರ ಅಂಕಿ, ನಿಮಿಷ, ಹೀಗೆ ಒಂದೊಂದಾಗಿ ಬಂದು ಸೇರಿಕೊಳ್ಳುತ್ತವೆ. ಲಾಗ್ ನೋಡಿದೆ, ಆ ಎರಡು ನಿಮಿಷವೂ ಪ್ರೋಗ್ರಾಂ ಬಿಡಿಸುತ್ತಲೇ ಇತ್ತು, ಒಂದೂ ಎರರ್ ಇಲ್ಲ. ಆಫೀಸಿನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲಿ ಹೀಗಾಗಲ್ಲ, ಮನೆಯ ಐ3 ಅನ್ನೋ ಸರಳ ವಿಂಡೋ ಮ್ಯಾನೇಜರ್‌ನಲ್ಲಿ ಮಾತ್ರ. ಎರಡೂ ಕಡೆ ಪರದೆಗೆ ಬಿಡಿಸೋ ಎಕ್ಸ್ ಸರ್ವರ್ ಎಕ್ಸ್‌ಆರ್ಗ್‌ನೇ. ಡ್ರೈವರ್‌ನ ದೋಷವಾ?

ಹಳೇಮಾನಿಟರ್:
ಡ್ರೈವರ್ ತಪ್ಪಲ್ಲ ಗುರು. ನೀವು ಕನ್ಸೋಲ್‌ಗೆ ಹೋದಾಗ ಎಕ್ಸ್ ಸರ್ವರ್ ಪರದೆಯನ್ನು ಬಿಟ್ಟುಕೊಡಬೇಕು. ಆಗ ಅದು ರೂಟ್ ವಿಂಡೋದ (ಎಲ್ಲ ವಿಂಡೋಗಳ ಹಿಂದಿರೋ ಇಡೀ ಪರದೆಯ ವಿಂಡೋ) ಕ್ಲಿಪ್ ಜಾಗವನ್ನೇ, ಅಂದರೆ ಬಿಡಿಸಲು ಅನುಮತಿ ಇರೋ ಜಾಗವನ್ನೇ, ಖಾಲಿ ಮಾಡಿಬಿಡುತ್ತದೆ. ನಿಮ್ಮ ಪ್ರೋಗ್ರಾಂ ಗೆರೆ ಎಳೆ ಅಂದರೆ ಸರ್ವರ್ ಹೂಂ ಅನ್ನುತ್ತದೆ, ಆದರೆ ಎಳೆಯೋಕೆ ಒಂದು ಪಿಕ್ಸೆಲ್ ಜಾಗವೂ ಇಲ್ಲ, ಹಾಗಾಗಿ ಅದು ಅಲ್ಲೇ ಮುಗಿಯಿತು. ಎರರ್ ಯಾಕೆ ಬರಬೇಕು, ಇನ್ನೊಂದು ವಿಂಡೋ ಮೇಲೆ ಪೂರ್ತಿ ಮುಚ್ಚಿಕೊಂಡಿದ್ದಾಗಲೂ ಹೀಗೇ ಅಲ್ವಾ? ಕೂಡಿಟ್ಟುಕೊಂಡು ಆಮೇಲೆ ಬಿಡಿಸಬಹುದಿತ್ತಲ್ಲ ಅಂದರೆ, ಎರಡು ಗಂಟೆಯ ಹಳೇ ಸೆಕೆಂಡುಗಳು ಯಾರಿಗೆ ಬೇಕು? ವಾಪಸ್ ಬಂದಾಗ ಕ್ಲಿಪ್ ಮೊದಲಿನಂತಾಗುತ್ತದೆ, ಸರ್ವರ್ ಹಿನ್ನೆಲೆ ಬಣ್ಣ ಬಳಿದು ಎಕ್ಸ್‌ಪೋಸ್ ಈವೆಂಟ್ (ಈ ಜಾಗ ಮತ್ತೆ ಕಾಣ್ತಿದೆ, ಬಿಡಿಸು ಅನ್ನೋ ಸಂದೇಶ) ಕಳಿಸುತ್ತದೆ. ಪೂರ್ತಿ ಬಿಡಿಸೋದು ನಿಮ್ಮ ಕೆಲಸ. ಗ್ನೋಮ್‌ನಲ್ಲಿ ಕಾಂಪೋಸಿಟರ್ (ವಿಂಡೋಗಳ ಚಿತ್ರಗಳನ್ನು ಜೋಡಿಸಿ ಪರದೆಗೆ ಹಾಕೋ ಪ್ರೋಗ್ರಾಂ) ಇರೋದರಿಂದ ಪ್ರತಿ ವಿಂಡೋಗೂ ಬೇರೆ ಪಿಕ್ಸ್‌ಮ್ಯಾಪ್, ಅಂದರೆ ಮೆಮೊರಿಯಲ್ಲಿ ಚಿತ್ರದ ಜಾಗ, ಇರುತ್ತದೆ, ಚಿತ್ರ ಅಲ್ಲೇ ಉಳಿಯುತ್ತದೆ. ನಿಮ್ಮ ತಪ್ಪು ಅಲ್ಲಿ ಮುಚ್ಚಿಹೋಗಿತ್ತು, ಅಷ್ಟೇ.

ಮೂರನೇಸಾಲು:
ಎಕ್ಸ್ ಬದಲಿಗೆ ಬಂದ ವೇಲ್ಯಾಂಡ್‌ನಲ್ಲಿ ಕಥೆ ಬೇರೆ. ವಿಂಡೋ ಕಾಣದಿದ್ದಾಗ ಮುಂದಿನ ಫ್ರೇಮ್ ಬಿಡಿಸು ಅನ್ನೋ ಕಾಲ್‌ಬ್ಯಾಕೇ (ಕರೆ) ಬರಲ್ಲ, ಪ್ರೋಗ್ರಾಂ ಸುಮ್ಮನೆ ಕಾಯುತ್ತದೆ. ಸಿಪಿಯು, ಬ್ಯಾಟರಿ ಉಳಿಯಿತು ಅಂತ ಖುಷಿಪಡಬಹುದು, ಆದರೆ ಒಂದೇ ಲೂಪಿನಲ್ಲಿ ನೆಟ್‌ವರ್ಕ್ ಕೆಲಸವನ್ನೂ ಸೇರಿಸಿದ್ದರೆ ಸ್ವಾಪ್‌ಬಫರ್ಸ್ (ಬಿಡಿಸಿದ ಫ್ರೇಮನ್ನು ಪರದೆಗೆ ಕೊಡೋ ಫಂಕ್ಷನ್) ಹತ್ತಿರ ನಿಂತು ಅದೂ ನಿಲ್ಲುತ್ತದೆ, ಅನುಭವಿಸಿ ಹೇಳ್ತಿದೀನಿ.

ಬಿಳಿಕಿಟಕಿ:
ಸಿಕ್ತು. ಮೊದಲ ಎಕ್ಸ್‌ಪೋಸ್‌ಗೆ ಮಾತ್ರ ಪೂರ್ತಿ ಬಿಡಿಸಿ ಉಳಿದದ್ದನ್ನೆಲ್ಲ ಬಿಸಾಡುತ್ತಿದ್ದೆ. ಈಗ ಎಕ್ಸ್‌ಪೋಸ್‌ನ ಕೌಂಟ್ (ಹಿಂದೆ ಇನ್ನೂ ಎಷ್ಟು ಎಕ್ಸ್‌ಪೋಸ್ ಬರಲಿವೆ ಅನ್ನೋ ಲೆಕ್ಕ) ಸೊನ್ನೆ ಆದಾಗೆಲ್ಲ ಇಡೀ ಗಡಿಯಾರ ಬಿಡಿಸುತ್ತೇನೆ, ಸರಿಹೋಯ್ತು. ನೋಡಿದರೆ ಐ3ನಲ್ಲಿ ವರ್ಕ್‌ಸ್ಪೇಸ್ ಬದಲಿಸಿದರೂ ಇದೇ ಆಗ್ತಿತ್ತು, ಗಮನಿಸೇ ಇರಲಿಲ್ಲ.